ನಡುವಿನ ಕ್ಯಾಮೆರಾ ಬರುವ ಸುದ್ದಿ

ಕುಷ್ಟಗಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಅದಕ್ಕೆ ಅಂಟಿಕೊಂಡು ಹಾಲೇಶನ ಫೋಟೋ ಸ್ಟುಡಿಯೋ. ನಡುವೆ ಇರುವುದು ಒಂದಿಟ್ಟಿಗೆಯ ಗೋಡೆ. ಅವನು ಸೀನಿದರೆ ನನಗೆ ಕೇಳುತ್ತದೆ, ನಾನು ಗಿರಾಕಿಯ ಮೇಲೆ ರೇಗಿದರೆ ಅವನು ಆ ಕಡೆಯಿಂದ ನಗುತ್ತಾನೆ. ಲಗ್ನ ಗೊತ್ತಾದವರು ಮೊದಲು ನನ್ನ ಹತ್ತಿರ ಬರುತ್ತಾರೆ. ಕರಡು ತಿದ್ದಿಸಿಕೊಂಡು ಹೊರಬಿದ್ದವರನ್ನು ನಾನು ಪಕ್ಕದ ಬಾಗಿಲಿಗೆ ದಾಟಿಸುತ್ತೇನೆ. ಇದು ವ್ಯಾಪಾರದ ಮಾತಾಯಿತು. ಅವನ ಬಗ್ಗೆ ಬರೆಯಲು ಕೂತದ್ದು ಅದಕ್ಕಲ್ಲ. ಇನ್ನೂ ತಯಾರೇ ಆಗದ ಒಂದು ಕ್ಯಾಮೆರಾದ ದಾರಿ ಕಾಯುತ್ತ ಅರ್ಧ ಆಯುಷ್ಯ ಕಳೆದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಂಪನಿಯ ಹೆಸರು ಬರೆಯುವುದಿಲ್ಲ. ಅವರು ನನಗೇನೂ ಪತ್ರಿಕೆ ಅಚ್ಚು ಹಾಕಲು ಕೊಟ್ಟಿಲ್ಲ, ಪುಕ್ಕಟೆ ಪ್ರಚಾರ ನಾನು ಯಾಕೆ ಮಾಡಲಿ? ಮಾಡೆಲ್ಲುಗಳ ನಂಬರೂ ನನಗೆ ನೆನಪಿರುವುದಿಲ್ಲ. ಹಾಲೇಶನೂ ನಂಬರು ಹೇಳುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಆ ಕಂಪನಿಯ ಕ್ಯಾಮೆರಾಗಳು ಒಂದು ಮನೆಯ ಅಣ್ಣತಮ್ಮಂದಿರು. ಹಿರಿಯದು ದೊಡ್ಡ ಊರಿನ ದೊಡ್ಡ ಫೋಟೋಗ್ರಾಫರರದು; ಅದರ ತೂಕಕ್ಕೆ ಹೆಗಲು ಬೀಳುತ್ತದೆ. ಕಿರಿಯದು ಹವ್ಯಾಸಕ್ಕೆ, ಪ್ರವಾಸಕ್ಕೆ. ಮನೆ ನಡೆಸುವುದು ನಡುವಿನದು. ಲಗ್ನದ ಮಂಟಪದ ಹೊಗೆಯಲ್ಲಿ, ಗಿಣಿಗೇರಾದ ಕಾರ್ಖಾನೆಯ ಧೂಳಿನಲ್ಲಿ, ಮರಳಿ ಊರಿನ ಭತ್ತದ ಗದ್ದೆಯ ಕೆಸರಿನಲ್ಲಿ ಬಿದ್ದೆದ್ದು ಕೆಲಸ ಮಾಡುವುದು ಅದೇ ಎಂದು ಅವನು ಹೇಳುತ್ತಿದ್ದ. ಅವನ ಹತ್ತಿರ ಇದ್ದದ್ದು ನಡುವಿನದೇ. ಅದು ಹಳೆಯದಾಗಿತ್ತು, ಹಿಡಿಯುವ ಕಡೆಯ ರಬ್ಬರು ಎದ್ದು ಬಂದಿತ್ತು, ಅದಕ್ಕೆ ಅವನು ಸೈಕಲ್ ಪಂಕ್ಚರಿನ ಅಂಟು ಹಚ್ಚಿದ್ದ. ಹೊಸ ನಡುವಿನದು ಬರುತ್ತದೆ, ಬಂದ ದಿನ ನಾನು ತರುತ್ತೇನೆ, ಇದು ಅವನ ಮಾತು.

ಬರುತ್ತದೆ ಅನ್ನುವುದಕ್ಕೆ ಅವನ ಹತ್ತಿರ ಆಧಾರಗಳು ಬೇಕಾದಷ್ಟಿದ್ದವು. ಜಪಾನಿನಲ್ಲಿ ಯಾರೋ ಬರೆದದ್ದನ್ನು ಇನ್ನಾರೋ ಇಂಗ್ಲಿಷಿಗೆ ತಿರುಗಿಸಿದ್ದನ್ನು ಇವನು ಮೊಬೈಲಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಓದುತ್ತಿದ್ದ. ಯಾವುದೋ ದೇಶದ ಸರಕಾರಿ ಕಚೇರಿಯಲ್ಲಿ ಕಂಪನಿ ಹೊಸ ಬ್ಯಾಟರಿ ನೋಂದಾಯಿಸಿತು ಎಂದರೆ ಇವನಿಗೆ ಆ ಬ್ಯಾಟರಿ ಹಾಕುವ ಕ್ಯಾಮೆರಾದ ಅಳತೆ ಗೊತ್ತಾಗುತ್ತಿತ್ತು. ಹಳೆಯ ಮಾಡೆಲ್ಲಿನ ಜಾಹೀರಾತು ಹೆಚ್ಚಾದರೆ ಹೊಸದು ಬರುವ ಲಕ್ಷಣ. ಕಡಿಮೆಯಾದರೂ ಬರುವ ಲಕ್ಷಣವೇ. ಪರದೆ ಹೊರಳುತ್ತದೆಯೋ ಇಲ್ಲವೋ, ಕಾರ್ಡು ಒಂದೋ ಎರಡೋ, ಕತ್ತಲಲ್ಲಿ ಎಷ್ಟು ಚೊಕ್ಕ ಕಾಣುತ್ತದೆ, ಇವೆಲ್ಲ ಅವನ ಬಾಯಲ್ಲಿ ನಿಶ್ಚಯವಾಗಿಬಿಟ್ಟಿದ್ದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಫೋಟೋದವರೆಲ್ಲ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪಿನಲ್ಲಿ ಇವನು ದಿನಾ ಬೆಳಿಗ್ಗೆ ಒಂದು ಸುದ್ದಿ ಹಾಕುತ್ತಿದ್ದ. ಮೊದಮೊದಲು ಅವರೂ ಕೇಳುತ್ತಿದ್ದರು. ಆಮೇಲೆ ಅದಕ್ಕೆ ಹಾಲೇಶನ ಪಂಚಾಂಗ ಎಂದು ಹೆಸರಿಟ್ಟರು.

ಗಂಗಾವತಿಯ ಉಮರಸಾಬ ಆ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಕನ್ನಡಿಯಿಲ್ಲದ ಕ್ಯಾಮೆರಾಕ್ಕೆ ಹೋದವನು. ಹಾಲೇಶನದು ಕನ್ನಡಿ ಕ್ಯಾಮೆರಾ. ಒಳಗೊಂದು ಪುಟ್ಟ ಕನ್ನಡಿ ಇರುತ್ತದೆ, ಲೆನ್ಸಿನಿಂದ ಬಂದದ್ದನ್ನು ಅದು ನೇರವಾಗಿ ಕಣ್ಣಿಗೆ ಕಳಿಸುತ್ತದೆ, ಫೋಟೋ ಹೊಡೆಯುವಾಗ ಠಪ್ಪೆಂದು ಮೇಲೇಳುತ್ತದೆ. ಹೊಸವುಗಳಲ್ಲಿ ಅದಿಲ್ಲ. ಕಣ್ಣಿಟ್ಟರೆ ಕಾಣುವುದು ಒಳಗಿನ ಪರದೆ. ಎಲ್ಲ ಕಂಪನಿಗಳೂ ಆ ಕಡೆಗೇ ತಿರುಗಿದ್ದವು. "ಹಾಲೇಶಣ್ಣ, ಕನ್ನಡಿ ಕಾಲ ಹೋತು. ಇನ್ನ ಎಷ್ಟ ದಿನ ಕಾಯ್ತಿ?" ಎಂದು ಉಮರಸಾಬ ಎದುರಿಗೇ ಕೇಳಿದ್ದನ್ನು ನಾನು ಕೇಳಿದ್ದೇನೆ.

"ನನ್ನ ಕ್ಯಾಮೆರಾದಾಗ ಕಾಣೋದು ಮನಷ್ಯಾ ಉಮರಸಾಬ್. ನಿನ್ನದರಾಗ ಕಾಣೋದು ಟಿವಿ. ಮದುಮಗಳ ಕಣ್ಣಾಗ ನೀರು ಬಂದದ್ದು ನನಗ ಬಂದಾಗ ಕಾಣತೈತಿ. ನಿನಗ ಆಮ್ಯಾಲೆ ಕಾಣತೈತಿ."

"ಅಷ್ಟರಾಗ ಏನ್ ಮಹಾ ಫರಕ್ ಆಕ್ಕೈತಿ?"

"ಅಷ್ಟರಾಗ ಆಕಿ ಒರಸಿಕೊಂಡಿರ್ತಾಳ."

ಉಮರಸಾಬ ನಕ್ಕುಬಿಟ್ಟ. ಹಾಲೇಶನದು ಹಟ ನಿಜ, ಆದರೆ ಹುಸಿ ಹಟ ಅಲ್ಲ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡು, ಹಾಸ್ಟೆಲ್ಲಿನಲ್ಲಿ ಬೆಳೆದವನು. ಅಲ್ಲಿಗೆ ವರ್ಷಕ್ಕೊಮ್ಮೆ ಗುಂಪು ಫೋಟೋ ತೆಗೆಯಲು ಬರುತ್ತಿದ್ದ ಒಬ್ಬ ಫೋಟೋಗ್ರಾಫರ್ ಒಂದು ಸಲ ಇವನ ಕಣ್ಣನ್ನು ಕ್ಯಾಮೆರಾಕ್ಕೆ ಹಚ್ಚಿಸಿದನಂತೆ. ಅದರೊಳಗೆ ತನ್ನ ಗೆಳೆಯರೆಲ್ಲ ಸಾಲಾಗಿ ಕಂಡರು, ಎಲ್ಲರೂ ತನ್ನನ್ನೇ ನೋಡುತ್ತಿದ್ದರು ಎಂದು ಅವನು ಹೇಳಿದ್ದುಂಟು. ಅವತ್ತಿನಿಂದ ಅವನ ಕಸುಬು ಗೊತ್ತಾಗಿತ್ತು.

ಇನ್ನು ಶಾಂಭವಿ. ಹಾಲೇಶನ ಹೆಂಡತಿ, ಯಲಬುರ್ಗಾದ ಕಿರಾಣಿ ಅಂಗಡಿಯವರ ಮಗಳು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅಲ್ಬಮ್ ಕೂಡಿಸುವುದು ಅವಳ ಕೆಲಸ. ಮದುಮಗನ ಮುಖದ ಬೆವರು ತೆಗೆಯುವುದು, ಬೀಗರ ಕನ್ನಡಕದ ಮೇಲೆ ಬಿದ್ದ ಫ್ಲ್ಯಾಶಿನ ಬೆಳಕು ಅಳಿಸುವುದು, ಜಗಳವಾಡಿಕೊಂಡು ಫೋಟೋಕ್ಕೆ ನಿಲ್ಲದೆ ಹೋದ ಚಿಕ್ಕಪ್ಪನನ್ನು ಬೇರೆ ಫೋಟೋದಿಂದ ತಂದು ಸಾಲಿನಲ್ಲಿ ನಿಲ್ಲಿಸುವುದು. ನಮ್ಮ ಕಡೆ ತೀರಿಕೊಂಡವರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಸುತ್ತ ಮನೆಮಂದಿ ನಿಂತು ಫೋಟೋ ತೆಗೆಸುವುದುಂಟು. ಆಮೇಲೆ ಗೋಡೆಗೆ ಹಾಕಲು ಅವರ ಕಣ್ಣು ತೆರೆದಿರಬೇಕು ಎನ್ನುತ್ತಾರೆ. ಆ ಕಣ್ಣು ತೆರೆಸುವವಳೂ ಅವಳೇ. ಒಳ್ಳೆಯ ಕೈ. ಆದರೆ ಅವಳಿಗೆ ಬೇಕಿದ್ದದ್ದು ಆ ಕೋಣೆಯಲ್ಲ, ಕ್ಯಾಮೆರಾ.

ಮದುವೆಯಾಗಿ ಬಂದ ಹೊಸದರಲ್ಲೇ ಕೇಳಿದ್ದಳು. ಬಸುರಿಗೆ ಮಾಡುವ ಕುಬಸ, ಕೂಸಿಗೆ ಹೆಸರಿಡುವ ತೊಟ್ಟಿಲು, ಲಗ್ನದ ಅರಿಷಿಣ, ಇಂಥವುಗಳಲ್ಲಿ ಒಳಗೆ ಹೆಂಗಸರೇ ಇರುತ್ತಾರೆ. ಹಾಲೇಶ ಹೊಸ್ತಿಲಲ್ಲಿ ನಿಂತು, ಎಲ್ಲರೂ ಸೆರಗು ಸರಿಮಾಡಿಕೊಂಡು ಬಾಯಿ ಮುಚ್ಚಿದ ಮೇಲೆ ಎರಡು ಫೋಟೋ ಹೊಡೆದು ಹೊರಬರುತ್ತಾನೆ. ಅವನು ಹೊರಬಂದ ಮೇಲೆ ಒಳಗೆ ನಗೆ ಶುರುವಾಗುತ್ತದೆ. ಆ ನಗೆಯ ಫೋಟೋ ನಾಲ್ಕೂ ತಾಲೂಕಿನಲ್ಲಿ ಯಾರ ಹತ್ತಿರವೂ ಇಲ್ಲ, ಅದನ್ನು ನಾನು ತೆಗೆಯುತ್ತೇನೆ ಎಂದಿದ್ದಳು ಅವಳು. ಹಾಲೇಶ ಬೇಡವೆನ್ನಲಿಲ್ಲ. ಬೇಡ ಅಂದಿದ್ದರೆ ಜಗಳವಾಡಿ ಒಂದು ದಾರಿ ಹುಡುಕಿಕೊಳ್ಳುತ್ತಿದ್ದಳೋ ಏನೋ. ಅವನು ಪ್ರೀತಿಯಿಂದಲೇ ಅಂದ: "ಹೊಸಾ ನಡುವಿಂದು ಬರ್ಲಿ. ಅದು ಬಂದ ದಿನ ಈ ಕ್ಯಾಮೆರಾ ನಿಂದು."

ಹೀಗಾಗಿ ಅವಳ ಹಣೆಬರಹ ಜಪಾನಿನ ಆ ಕಂಪನಿಯ ಕೈಗೆ ಹೋಯಿತು. ಹಾಲೇಶ ಹೊಸ ಮಾಡೆಲ್ಲಿನ ಸುದ್ದಿ ಓದಿ ಹೇಳುವಾಗ ಅವನಿಗಿಂತ ಹೆಚ್ಚು ಕಿವಿಗೊಟ್ಟು ಕೇಳುತ್ತಿದ್ದವಳು ಅವಳು. "ದೀಪಾವಳಿಗೆ ಬರತೈತಂತ್ರಿ ಅಣ್ಣಾರ" ಎಂದು ನನಗೂ ಹೇಳುತ್ತಿದ್ದಳು. ದೀಪಾವಳಿ ಹೋಗಿ ಯುಗಾದಿ ಎನ್ನುತ್ತಿದ್ದಳು. ಮಧ್ಯಾಹ್ನ ಹಾಲೇಶ ಮಲಗಿದಾಗ ಆ ಕ್ಯಾಮೆರಾ ತೆಗೆದುಕೊಂಡು ಕಿಟಕಿಯಲ್ಲಿ ಕಿನ್ನಾಳದ ಕಟ್ಟಿಗೆ ಗೊಂಬೆಗಳನ್ನು ಸಾಲಾಗಿ ಇಟ್ಟು, ಪರದೆ ಸರಿಸುತ್ತ, ಬೆಳಕು ತಿದ್ದುತ್ತ ಫೋಟೋ ತೆಗೆಯುತ್ತಿದ್ದಳು. ಗೊಂಬೆಗಳ ಮುಖದ ಬಣ್ಣ ಬಿಸಿಲಿಗೆ ಮಾಸಿತು. ಅವಳು ಅಷ್ಟರಲ್ಲಿ ಕೆಲಸ ಕಲಿತುಬಿಟ್ಟಿದ್ದಳು. ಹಾಲೇಶನಿಗೂ ಅದು ಗೊತ್ತಿತ್ತು. ಆದರೆ ಒಂದೇ ಕ್ಯಾಮೆರಾ ಇರುವ ಮನೆಯಲ್ಲಿ ಅದನ್ನು ಯಾರು ಹಿಡಿಯಬೇಕು ಎಂಬ ಪ್ರಶ್ನೆ ಅವನ ತಲೆಗೆ ಬರಲೇ ಇಲ್ಲ. ಬೇರೆ ಕಂಪನಿಯದನ್ನೋ, ಕನ್ನಡಿಯಿಲ್ಲದ್ದನ್ನೋ ತಂದುಬಿಡು ಎಂದು ನಾನು ಹೇಳಿ ನೋಡಿದೆ. ನನ್ನನ್ನು ಅವನು ನೋಡಿದ ರೀತಿ ನೋಡಿ ಮತ್ತೆ ಹೇಳಲಿಲ್ಲ.

ಆಷಾಢದಲ್ಲಿ ನಮ್ಮಿಬ್ಬರಿಗೂ ಕೆಲಸ ಕಡಿಮೆ. ಅಂಥ ಒಂದು ಬೆಳಿಗ್ಗೆ ನಾನು ಸ್ಟುಡಿಯೋದಲ್ಲಿ ಚಹಾಕ್ಕೆ ಕೂತಿದ್ದೆ. ಶಾಂಭವಿ ತಟ್ಟೆ ಹಿಡಿದು ಬಂದಳು. ಹಾಲೇಶ ಕೊಪ್ಪಳದ ವಿರೂಪಾಕ್ಷಪ್ಪನವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ವಿರೂಪಾಕ್ಷಪ್ಪನವರದು ಕೊಪ್ಪಳ ಪೇಟೆಯಲ್ಲಿ ಕ್ಯಾಮೆರಾ ಅಂಗಡಿ. ಅವರ ಅಪ್ಪನ ಕಾಲಕ್ಕೆ ಅದೇ ಜಾಗದಲ್ಲಿ ಅಕ್ಕಿ ಬೇಳೆ ಮಾರುತ್ತಿದ್ದರು. ನಾಲ್ಕೂ ತಾಲೂಕಿಗೆ ಆ ಕಂಪನಿಯ ಮಾಲು ಬರುವುದು ಅವರ ಕೈಯಿಂದಲೇ.

"ವಿರೂಪಾಕ್ಷಪ್ಪಾರ, ನಡುವಿಂದು ಏನಾತ್ರಿ?"

"ನಡುವಿಂದಾ? ತುಂಬೈತಿ ನೋಡಪಾ."

"ಏನಂದ್ರಿ?"

"ತುಂಬೈತಿ ಅಂದ್ನಿ. ಕಂಪನಿಯವರ ನಿನ್ನಿ ಹೇಳ್ಯಾರ. ಗಿರಾಕಿ ನಿಂತಾರ, ಇಡ್ತೀನಿ."

ಫೋನ್ ಇಟ್ಟುಬಿಟ್ಟರು. ಹಾಲೇಶ ಎದ್ದು ನಿಂತ. ಅವನ ಮುಖ ನೋಡಿ ನನಗೆ ಗಾಬರಿಯಾಯಿತು.

"ಕೇಳಿದ್ರ್ಯಾ ಗ್ಯಾನಪ್ಪಣ್ಣ? ಗೋದಾಮು ತುಂಬೈತಿ! ಮಾಲು ಬಂದು ಬಿದ್ದೈತಿ. ಕಂಪನಿ ಬಿಡುಗಡೆ ದಿನಾ ಹೇಳೂತನಕ ಅಂಗಡಿಯವ್ರು ಬಾಯಿ ಬಿಡಂಗಿಲ್ಲ, ಅದಕ್ಕ ಗಿರಾಕಿ ನೆವಾ ಮಾಡಿ ಇಟ್ರು. ನಾ ಏನ್ ಹೇಳಿದ್ನಿ?"

ನನಗೂ ಹೌದೆನ್ನಿಸಿತು. ಇಷ್ಟು ವರ್ಷ ಕೇಳಿ ಕೇಳಿ ನನಗೂ ಅದು ಬಂದರೆ ಸಾಕಾಗಿತ್ತು. ಹಾಲೇಶ ಗುಂಪಿನಲ್ಲಿ ಸುದ್ದಿ ಹಾಕಿದ. ಉಮರಸಾಬ ಕೈಮುಗಿದ ಚಿತ್ರವೊಂದನ್ನು ಕಳಿಸಿದ, ಅದು ಅಭಿನಂದನೆಯೋ ಸಾಕು ಮಾಡು ಎಂದೋ ತಿಳಿಯಲಿಲ್ಲ. ಹಾಲೇಶನಿಗೆ ಅದನ್ನೆಲ್ಲ ನೋಡುವ ಪುರುಸೊತ್ತಿರಲಿಲ್ಲ. ಕಪಾಟು ತೆಗೆದು ಕ್ಯಾಮೆರಾ ಹೊರಗೆ ತಂದ, ಅಂಗಿಯ ಚುಂಗಿನಿಂದ ಒರೆಸಿದ, ಇನ್ನೂ ತಟ್ಟೆ ಹಿಡಿದೇ ನಿಂತಿದ್ದ ಶಾಂಭವಿಯ ಕೊರಳಿಗೆ ಹಾಕಿದ.

"ಮಾತು ಅಂದ್ರ ಮಾತು. ಇವತ್ತಿನಿಂದ ಇದು ನಿಂದು."

ಶಾಂಭವಿ ಅವನ ಮುಖವನ್ನೇ ನೋಡಿದಳು. ಏನೋ ಹೇಳುವವಳಂತೆ ಕಂಡಳು. ಆಮೇಲೆ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಕೇಳಿದಳು:

"ಚಾರ್ಜರ್ ಎಲ್ಲೈತ್ರಿ?"

ಹಾಲೇಶ ಜೋರಾಗಿ ನಕ್ಕ. ಚಾರ್ಜರು, ಎರಡನೆಯ ಬ್ಯಾಟರಿ, ಕಾರ್ಡುಗಳ ಡಬ್ಬಿ, ಎಲ್ಲ ತಂದುಕೊಟ್ಟ. ಸಂಕೋಚದ ಹೆಣ್ಣುಮಗಳು, ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡೆ ನಾನು. ನಾನು ತಿಳಿದಷ್ಟು ಸಂಕೋಚ ಅವಳಲ್ಲಿ ಇರಲಿಲ್ಲ.

ಆ ವಾರವೇ ನಮ್ಮ ಹಿಂದಿನ ಓಣಿಯಲ್ಲಿ ಒಂದು ತೊಟ್ಟಿಲ ಕಾರ್ಯ. ಶಾಂಭವಿ ಹೋಗಿ ಬಂದಳು. ಫೋಟೋಗಳನ್ನು ಅವಳು ತೋರಿಸುತ್ತ ಹೋದ ಹಾಗೆ ಹಾಲೇಶ ಇದು ಸೊಟ್ಟ, ಅದಕ್ಕೆ ಬೆಳಕು ಸಾಲದು ಎಂದು ಗುರುಗಳ ಹಾಗೆ ಹೇಳುತ್ತ ಹೋದ. ಒಂದು ಫೋಟೋಕ್ಕೆ ಬಂದಾಗ ಅವಳ ಕೈ ತಡೆದ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವ ಪದ್ಧತಿ ಇದೆಯಲ್ಲ, ಆ ಹೊತ್ತಿನದು. ಅತ್ತೆ ಬಾಗಿ ತಪ್ಪಿಸಿಕೊಳ್ಳುತ್ತಿದ್ದಾಳೆ, ಹಲ್ಲಿಲ್ಲದ ಮುದುಕಿಯೊಬ್ಬಳು ಮುಷ್ಟಿ ಎತ್ತಿದ್ದಾಳೆ, ಎಲ್ಲರ ಬಾಯಿಯೂ ತೆರೆದಿದೆ, ಒಬ್ಬಳ ತಲೆಯ ಮೇಲೂ ಸೆರಗಿಲ್ಲ. ಕೂಸು ಮಾತ್ರ ನಿದ್ದೆಯಲ್ಲಿದೆ. ಹಾಲೇಶ ಅದನ್ನು ಬಹಳ ಹೊತ್ತು ನೋಡಿದ. ಸೊಟ್ಟ ಇದೆ ಎಂದು ಅದಕ್ಕೂ ಹೇಳಬಹುದಿತ್ತು, ಯಾಕೆಂದರೆ ತೊಟ್ಟಿಲು ನಿಜವಾಗಿಯೂ ಸೊಟ್ಟ ಬಂದಿತ್ತು. ಅವನು ಹೇಳಲಿಲ್ಲ.

ಆ ಮುಷ್ಟಿ ಎತ್ತಿದ ಮುದುಕಿಯ ಫೋಟೋ ಊರೆಲ್ಲ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಹೆಂಗಸರು ಸ್ಟುಡಿಯೋದ ಬಾಗಿಲಿಗೆ ಬಂದು ಹಾಲೇಶನನ್ನು ದಾಟಿ ಒಳಗೆ ಇಣುಕಿ, "ಅಕ್ಕಾರ ಅದಾರೇನ್ರಿ?" ಎಂದು ಕೇಳತೊಡಗಿದರು. ಯಲಬುರ್ಗಾದಲ್ಲಿರುವ ನನ್ನ ತಂಗಿ ಶಿವಲೀಲಾ ಕೂಡ, ತನ್ನ ಮಗಳ ಕುಬಸಕ್ಕೆ ಶಾಂಭವಿಯೇ ಬರಬೇಕು ಎಂದು ಫೋನ್ ಮಾಡಿ ಒಪ್ಪಿಸಿಕೊಂಡಳು. ಹಾಲೇಶನಿಗೆ ಇದರಿಂದ ಖುಷಿಯೇ ಆಯಿತು ಅನ್ನಬೇಕು. ಅವನ ಮನಸ್ಸೆಲ್ಲ ಕೊಪ್ಪಳದ ಗೋದಾಮಿನಲ್ಲಿತ್ತು. ಪಾಸ್‌ಪೋರ್ಟ್ ಫೋಟೋಗಳನ್ನು ಮೊಬೈಲಿನಲ್ಲೇ ತೆಗೆಯುತ್ತ ದಿನ ನೂಕುತ್ತಿದ್ದ.

ಶ್ರಾವಣ ಬಂತು, ಲಗ್ನಗಳು ಶುರುವಾದವು. ಗಿಣಿಗೇರಾದ ಒಂದು ದೊಡ್ಡ ಮನೆತನದ ಲಗ್ನವನ್ನು ಹಾಲೇಶ ಒಪ್ಪಿಕೊಂಡಿದ್ದ. ಹೊಸ ಕ್ಯಾಮೆರಾದ ಮೊದಲ ಲಗ್ನ ಅದು ಎಂದು ಹೇಳಿಕೊಂಡು ಓಡಾಡಿದ್ದ. ಕಂಪನಿ ಮಾತ್ರ ಬಾಯಿ ಬಿಡಲಿಲ್ಲ. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ. ನನಗೂ ಕೊಪ್ಪಳದಲ್ಲಿ ಕಾಗದ ತರುವುದಿತ್ತು. ಇಬ್ಬರೂ ಬಸ್ ಹತ್ತಿದೆವು.

ವಿರೂಪಾಕ್ಷಪ್ಪನವರು ಹಣೆತುಂಬ ವಿಭೂತಿ ಹಚ್ಚಿಕೊಂಡು ಹಣದ ಪೆಟ್ಟಿಗೆಯ ಮುಂದೆ ಗಲ್ಲೆಯ ಮೇಲೆ ಕೂತಿದ್ದರು. ಚಹಾ ತರಿಸಿದರು. ಹಾಲೇಶ ಚಹಾ ಮುಟ್ಟಲಿಲ್ಲ.

"ಡಬ್ಬಿ ತೋರಸ್ರಿ. ಕೊಡೂದು ಬ್ಯಾಡ, ಅವರು ದಿನಾ ಹೇಳೂತನಕ ಕಾಯ್ತೀನಿ. ಬರೇ ಕಣ್ಣೀಲೆ ನೋಡ್ತೀನಿ."

"ಯಾವ ಡಬ್ಬಿ?"

"ನಡುವಿಂದ್ರೀ."

"ಅದು ತುಂಬೈತಿ ಅಂತ ಹೇಳಿದ್ನೆಲ್ಲೋ ಹಾಲೇಶ."

"ಅದಕ್ಕ ಬಂದೀನ್ರಿ."

"ತುಂಬಿದ ಮ್ಯಾಲೆ ಯಾಕ ಬರ್ತಾರಪಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಗ ನನ್ನ ತಲೆಯಲ್ಲಿ ಏನೋ ಸರಿಯಿತು. ನಮ್ಮ ಅಜ್ಜಿ ಡಬ್ಬಿಯ ತಳ ಕೆರೆಯುತ್ತ, "ಅಕ್ಕಿ ತುಂಬ್ಯಾವ, ಪ್ಯಾಟಿಗೆ ಹೋಗಿ ಬಾ" ಅನ್ನುತ್ತಿದ್ದದ್ದು ನೆನಪಾಯಿತು. ಮನೆಯಲ್ಲಿ ಅಕ್ಕಿ, ಎಣ್ಣೆ, ಅರಿಷಿಣ ಮುಗಿಯಿತು ಎಂದು ಬಾಯಲ್ಲಿ ಅನ್ನಬಾರದು, ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಅದಕ್ಕೆ ತುಂಬಿದೆ ಎನ್ನುತ್ತಾರೆ. ಅಕ್ಕಿಗೆ ಅಂದರೆ ನನಗೂ ತಿಳಿಯುತ್ತಿತ್ತು. ಕ್ಯಾಮೆರಾಕ್ಕೆ ಅಂದರೆ ಯಾರಿಗೆ ತಿಳಿಯಬೇಕು? ತಾಯಿಯಿಲ್ಲದೆ, ಅಡುಗೆಮನೆ ಕಾಣದೆ ಹಾಸ್ಟೆಲ್ಲಿನಲ್ಲಿ ಬೆಳೆದ ಹಾಲೇಶನಿಗೆ ಆ ಮಾತೇ ಗೊತ್ತಿರಲಿಲ್ಲ. ವಿರೂಪಾಕ್ಷಪ್ಪನವರಿಗೆ ಅಕ್ಕಿಯೂ ಒಂದೇ ಕ್ಯಾಮೆರಾವೂ ಒಂದೇ. ಅಪ್ಪ ಕೂತ ಗಲ್ಲೆಯ ಮೇಲೆ ಕೂತು ಇಲ್ಲ, ಮುಗಿಯಿತು ಎಂಬ ಶಬ್ದ ಅವರು ಒಂದು ದಿನವೂ ಆಡಿದವರಲ್ಲ.

ನಾನು ಅವರ ಕಿವಿಯಲ್ಲಿ ಹೇಳಿದೆ, ಹಾಲೇಶ ತಪ್ಪು ತಿಳಿದುಕೊಂಡಿದ್ದಾನೆ ಎಂದು. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಗಲ್ಲೆಯಿಂದ ಇಳಿದರು, ಚಪ್ಪಲಿ ಮೆಟ್ಟಿದರು, ಅಂಗಡಿಯ ಮೆಟ್ಟಿಲಿಳಿದು ರಸ್ತೆಗೆ ಹೋಗಿ ನಿಂತರು. ಆಟೋದವನೊಬ್ಬ ಹಾರ್ನ್ ಹಾಕಿ ಸುತ್ತಿಕೊಂಡು ಹೋದ.

"ಇಲ್ಲಿ ಬಾ ಹಾಲೇಶ."

ಹಾಲೇಶ ಹೋದ.

"ಮುಗೀತು. ನಡುವಿಂದು ಮಾಡೂದ ಬಿಟ್ಟಾರ. ಹೊಸಾದು ಇಲ್ಲ, ಬರಂಗೂ ಇಲ್ಲ. ನಿನಗ ಹೆಂಗ ಹೇಳ್ಲೆಪಾ ನಾ, ಇನ್ನ ಕಾಯಬ್ಯಾಡ."

ಇಷ್ಟು ಹೇಳಿ, ಮುಖ ಒರೆಸಿಕೊಂಡು ಅಂಗಡಿಯೊಳಗೆ ಹೋಗಿ ಮತ್ತೆ ಗಲ್ಲೆ ಹತ್ತಿದರು. ಹಾಲೇಶ ರಸ್ತೆಯಲ್ಲೇ ನಿಂತ. ನನಗೆ ಅವನನ್ನು ನೋಡಿ ಸಂಕಟವಾಯಿತು. ಎಷ್ಟು ಸಲ ಅವನನ್ನು ಗೇಲಿ ಮಾಡಿದ್ದೆನೋ, ಅವತ್ತು ಅವನ ಕೈ ಹಿಡಿದು, ಕಾಗದ ಕೊಂಡು, ಬಸ್ಸಿಗೆ ಕರೆತಂದೆ.

ಬಸ್ಸು ಅರ್ಧ ದಾರಿ ಬಂತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಅಂದ: "ನಮ್ಮ ಮಾವಂದು ಕಿರಾಣಿ ಅಂಗಡಿ."

"ಹೌದು," ಅಂದೆ.

"ಶಾಂಭವಿಗೆ ಈ ಮಾತು ಗೊತ್ತಿರತೈತಿ."

ನಾನು ಕಾಗದದ ಕಟ್ಟನ್ನು ಕಾಲ ಹತ್ತಿರ ಎಳೆದುಕೊಂಡೆ. ಅವನಿಗೆ ನನ್ನ ಉತ್ತರ ಬೇಕಾಗಿರಲಿಲ್ಲ.

ಕುಷ್ಟಗಿಯಲ್ಲಿ ಇಳಿದು ಅವನು ಸ್ಟುಡಿಯೋದ ಬಾಗಿಲು ಹೊಕ್ಕ. ನಾನು ನನ್ನ ಬಾಗಿಲು ಹೊಕ್ಕು ಕಾಗದದ ಕಟ್ಟು ಕೆಳಗಿಟ್ಟೆ. ಕದ್ದು ಕೇಳಿದೆ ಅನ್ನುವ ಹಾಗಿಲ್ಲ, ಗೋಡೆ ತೆಳ್ಳಗಿತ್ತು. ಆದರೆ ಯಂತ್ರ ಚಾಲೂ ಮಾಡದೆ ಕೂತದ್ದು ನಿಜ.

"ತುಂಬೈತಿ ಅಂದ್ರ ಏನು?" ಹಾಲೇಶನ ದನಿ.

ಶಾಂಭವಿ ಅಂದಳು: "ಮುಗದೈತಿ ಅಂತ."

"ಅವತ್ತ ನಿನಗ ಗೊತ್ತಾಗಿತ್ತಾ?"

"ಹೂಂ. ನಮ್ಮಪ್ಪನ ಅಂಗಡಿಯಾಗ ಸಣ್ಣಾಕಿ ಇದ್ದಾಗಿಂದ ಕೇಳೀನಿ."

"ಮತ್ತ ಯಾಕ ಹೇಳ್ಲಿಲ್ಲ?"

"ಇಷ್ಟ ವರ್ಷ ನೀವು ಬರತೈತಿ ಅಂದ್ರಿ, ನಾ ನಂಬಿದ್ನಿ. ಒಂದ ಸಲ ನೀವು ತಪ್ಪ ತಿಳಕೊಂಡ್ರಿ, ನಾ ಸುಮ್ನಾದ್ನಿ. ಹೇಳಿದ್ರ ಕ್ಯಾಮೆರಾ ಕೊಡ್ತಿದ್ರ್ಯಾ?"

ಕುರ್ಚಿ ಎಳೆದ ಸದ್ದಾಯಿತು.

"ಗಿಣಿಗೇರಾ ಲಗ್ನ ಐತಿ. ಕ್ಯಾಮೆರಾ ನನಗ ಬೇಕು," ಅಂದ ಹಾಲೇಶ.

ಕ್ಯಾಮೆರಾದ ಚೀಲವನ್ನು ಮೇಜಿನ ಮೇಲೆ ಇಟ್ಟ ಸದ್ದು. "ತಗೋರಿ. ಅದ ದಿನ ಯಲಬುರ್ಗಾದ ಕುಬಸ ಐತಿ. ಫೋಟೋದಾಕಿ ಬರಂಗಿಲ್ಲ ಅಂತ ನೀವ ಹೇಳ್ರಿ ಅವರಿಗೆ. ನನ್ನ ಬಾಯೀಲೆ ನಾ ಹೇಳಂಗಿಲ್ಲ." 

ಹಾಲೇಶ ಹೊರಗೆ ಬಂದ. ನನ್ನ ಬಾಗಿಲಲ್ಲಿ ನಿಂತ. ಕುಬಸ ನನ್ನ ತಂಗಿಯ ಮನೆಯದು, ಅವನಿಗೆ ಅದು ಅನುಕೂಲವಾಗಿ ಕಂಡಿರಬೇಕು.

"ಗ್ಯಾನಪ್ಪಣ್ಣ, ನಿಮ್ಮ ತಂಗಿಗೆ ಒಂದ ಫೋನ್ ಮಾಡಿ ಹೇಳ್ರಿ. ನೀವು ಹೇಳಿದ್ರ ಆಕ್ಕೈತಿ."

ನನಗೆ ಸಿಟ್ಟು ಬಂತು. ಅವನ ಮೇಲೆ ಮರುಕವಿದ್ದಾಗಲೇ ಬಂದ ಸಿಟ್ಟು, ಅದಕ್ಕೇ ಜೋರಾಗಿ ಬಂತು. "ನಾ ಯಾಕ ಹೇಳ್ಲಿ? ಆ ವಿರೂಪಾಕ್ಷಪ್ಪಾರು ರಸ್ತೆಗೆ ಇಳದು ತಾವ ಹೇಳಿದ್ರು. ನೀನೂ ನಿನ್ನ ಬಾಯೀಲೆ ಹೇಳು" ಎಂದು ನಂಬರ್ ಹಚ್ಚಿ ಮೊಬೈಲು ಅವನ ಕೈಗೆ ಕೊಟ್ಟೆ.

ಆ ಕಡೆ ರಿಂಗ್ ಆಗುತ್ತಿತ್ತು. ಹಾಲೇಶ ಮೊಬೈಲು ಹಿಡಿದು ಸ್ಟುಡಿಯೋದ ಕಡೆ ನೋಡಿದ. ತಂಗಿ ಎತ್ತಿದಳು. "ಅಣ್ಣಾ, ಹೇಳು," ಎಂದು ಅವಳ ದನಿ ನನಗೂ ಕೇಳಿತು.

"ಅಣ್ಣಾರಲ್ರಿ, ನಾ ಹಾಲೇಶ, ಸ್ಟುಡಿಯೋದಂವ," ಅಂದ. ನಿಲ್ಲಿಸಿದ. "ಶಾಂಭವಿ ಮುಂಜಾನೆ ಎಷ್ಟಕ್ಕ ಬರಬೇಕಂತ ಕೇಳಾಕ ಹಚ್ಚಿದ್ನಿ."

ಮೊಬೈಲು ನನಗೆ ಕೊಟ್ಟು, ತನ್ನ ಮೊಬೈಲು ತೆಗೆದು ಅಲ್ಲೇ ನಿಂತು ಗಂಗಾವತಿಗೆ ಮಾತಾಡಿದ. "ಉಮರಸಾಬ್, ಗಿಣಿಗೇರಾ ಲಗ್ನ ನೀ ಹಿಡಿ. ಹುಷಾರಾಗೇ ಅದೀನಿ, ಏನೂ ಆಗಿಲ್ಲ. ನಮ್ಮ ಮನ್ಯಾಗ ಇರೂದ ಒಂದ ಕ್ಯಾಮೆರಾ, ಅವತ್ತ ಅದಕ್ಕ ಬ್ಯಾರೆ ಕೆಲಸ ಐತಿ." ಉಮರಸಾಬ ಏನು ಅಂದನೋ ಕೇಳಲಿಲ್ಲ. ಒಳ್ಳೆಯ ಮಾತೇ ಆಡಿರಬೇಕು, ಹಾಲೇಶ ಕಣ್ಣು ಒತ್ತಿಕೊಂಡ. ಅವನಿಗೆ ನಾಚಿಕೆಯೂ ಆಗಿತ್ತು, ದುಃಖವೂ ಆಗಿತ್ತು. ಗುಂಪಿನಲ್ಲಿ ಆಮೇಲೆ ಅವನ ಬೆಳಗಿನ ಸುದ್ದಿ ಬರಲಿಲ್ಲವಂತೆ. ಏನಾಯಿತು ಎಂದು ಯಾರೂ ಕೇಳದ ಹಾಗೆ ಉಮರಸಾಬ ನೋಡಿಕೊಂಡ.

ಕುಬಸದ ದಿನ ಯಲಬುರ್ಗಾದ ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತಿದ್ದರು. ಕ್ಯಾಮೆರಾದ ಚೀಲ ಅವಳ ಮಡಿಲಲ್ಲಿ, ದೀಪದ ಸ್ಟ್ಯಾಂಡು ಅವನ ಕಾಲ ನಡುವೆ. ತಂಗಿಯ ಮನೆ ತಲುಪಿದಾಗ ಅವನು ಸ್ಟ್ಯಾಂಡು ಹಿಡಿದುಕೊಂಡು ಅವಳ ಹಿಂದೆ ಒಳಬಾಗಿಲತನಕ ಹೋದ. ಅಲ್ಲಿ ಹೆಂಗಸರು ಅವನ ಕೈಯಿಂದ ಸ್ಟ್ಯಾಂಡು ಇಸಿದುಕೊಂಡು, ಶಾಂಭವಿಯನ್ನು ಒಳಗೆ ಕರೆದುಕೊಂಡು, ಬಾಗಿಲು ಮುಂದೆ ಮಾಡಿದರು. ಅವನು ಬಂದು ಅಂಗಳದ ಬೇವಿನ ಗಿಡದ ಕೆಳಗೆ, ಗಂಡಸರ ಸಾಲಿನಲ್ಲಿ ನನ್ನ ಪಕ್ಕ ಕೂತ.

ಗಂಡಸರು ಮೆಕ್ಕೆಜೋಳದ ಮಾತಾಡುತ್ತಿದ್ದರು. ಒಳಗೆ ಹಾಡು ಶುರುವಾಯಿತು, ನಡುವೆ ಯಾರೋ ಏನೋ ಅಂದು ನಗೆ ಎದ್ದಿತು. ಆ ನಗೆಯ ನಡುವೆ ಕ್ಯಾಮೆರಾದ ಕನ್ನಡಿ ಏಳುವ ಸದ್ದು ಕೇಳಿಸಿತು, ಮತ್ತೆ ಕೇಳಿಸಿತು. ಪ್ರತಿ ಸದ್ದಿಗೂ ಹಾಲೇಶನ ತೋರುಬೆರಳು ಮೊಣಕಾಲ ಮೇಲೆ ತಾನಾಗಿ ಅಲುಗುತ್ತಿತ್ತು. ಕೆಲವು ಸದ್ದಿಗೆ ಬೆರಳು ಮೊದಲೇ ಅಲುಗುತ್ತಿತ್ತು, ಕೆಲವಕ್ಕೆ ತಡವಾಗಿ. ಆಮೇಲೆ ಅವನು ಕೈ ಕಟ್ಟಿಕೊಂಡು ಕೂತ.

ಬೀಗರ ಕಡೆಯ ಹಿರಿಯರು ಹನಮಪ್ಪನವರು, ಕಣ್ಣು ಸರಿಯಾಗಿ ಕಾಣದವರು, ಸಾಲಿನ ಆ ತುದಿಯಿಂದ ಒಬ್ಬೊಬ್ಬರನ್ನೇ ಗುರುತು ಕೇಳುತ್ತ ಬರುತ್ತಿದ್ದರು. ನನ್ನ ಹತ್ತಿರ ಬಂದರು. ಹುಡುಗಿಯ ಸೋದರಮಾವ ಎಂದು ಹೇಳಿದೆ. ಅವರು ಹಾಲೇಶನ ಕಡೆ ತಿರುಗಿದರು.

"ತಾವು ಯಾರ ಪೈಕಿ?"

ಯಾವ ಕಾರ್ಯದಲ್ಲೂ ಅವನನ್ನು ಯಾರೂ ಈ ಮಾತು ಕೇಳಿರಲಿಲ್ಲ. ಕೊರಳಲ್ಲಿ ಕ್ಯಾಮೆರಾ ಇದ್ದವನನ್ನು ಯಾರು ಕೇಳುತ್ತಾರೆ? ಹಾಲೇಶ ಕಟ್ಟಿದ ಕೈ ಬಿಚ್ಚಿದ. ನಾನು ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಹೇಳಿದ:

"ನಾನು ಫೋಟೋದವರ ಪೈಕಿ ರೀ."

"ಯಾವ ಫೋಟೋದವರು?"

"ಒಳಗ ಅದಾರಲ್ರಿ, ಕುಷ್ಟಗಿಯವರು, ಶಾಂಭವಿ ಅಂತ. ಅವರ ಪೈಕಿ."

"ಹಂಗೇನು, ಛಲೋ ಆತು," ಎಂದು ತಲೆಯಾಡಿಸಿ ಹನಮಪ್ಪನವರು ಅವನ ಪಕ್ಕದವನನ್ನು ಕೇಳಲು ಮುಂದೆ ಹೋದರು.